ಮುಂದಿನ ಪ್ಲೇಟು ಮೆದುವಾಗಿರಲಿ

ಕಳೆದ ಮಾರ್ಚ್‌ನಲ್ಲಿ ನೆರೆಮನೆಯವರು ತಮ್ಮ ಹಳೆಯ ಮಹೀಂದ್ರ ಫೋರ್ ವೀಲ್ ಪಿಕಪ್ಪನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. "ಒಮ್ಮೆ ಅಡಿಗೆ ನುಗ್ಗಿ ನೋಡಿ ಅಣ್ಣ, ಮೊನ್ನೆ ಮುಂದಿನ ಕೆಲಸ ಮಾಡಿಸಿದ್ದು. ಈಗ ಸ್ಟಿಯರಿಂಗ್ ಕೈಯಲ್ಲಿ ನಿಲ್ಲುದೇ ಇಲ್ಲ" ಅಂದರು. ಗೋಣಿ ಹಾಸಿ ಅಡಿಗೆ ನುಗ್ಗಿದೆ. ಟಾರ್ಚ್ ಬೆಳಕಿಗೆ ಮೊದಲು ಕಂಡದ್ದು ಎಡಬದಿಯ ಪ್ಲೇಟ್ ಸೆಟ್ಟು, ಅಂದರೆ ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳ ಕಟ್ಟು. ಆರು ಹಳೆಯ ಪ್ಲೇಟುಗಳ ಜೊತೆಗೆ ಹೊಸದೊಂದು ಸೇರಿತ್ತು, ಅದರ ಪೇಂಟು ಇನ್ನೂ ಮಾಸಿರಲಿಲ್ಲ. ವರ್ನಿಯರ್ ಹಿಡಿದು ನೋಡಿದರೆ ಹಳೆಯವು ಆರು ಮಿ.ಮೀ. ದಪ್ಪ, ಹೊಸದು ಎಂಟು. ಪ್ಲೇಟಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಶ್ಯಾಕಲ್ ಕೂಡ ಹಳೆಯದಲ್ಲ, ಅದಕ್ಕಿಂತ ಒಂದೂವರೆ ಇಂಚು ಉದ್ದದ್ದು. ಶಾಕ್ ಮಾತ್ರ ಮೊದಲಿನದ್ದೇ, ಎಳೆದು ಕಟ್ಟಿದ ಹಗ್ಗದ ಹಾಗೆ ಪೂರ್ತಿ ಚಾಚಿಕೊಂಡಿತ್ತು. ಪ್ಲೇಟಿನ ಹ್ಯಾಂಗರ್ ಚಾಸಿಸ್‌ಗೆ ಕೂಡುವ ಮೂಲೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಿರುಕು. ಅದರ ಬಾಯಿಂದ ತುಕ್ಕು ಒಸರಿ ಕೆಳಗೆ ಇಳಿದ ಗೆರೆ ಕಾಣುತ್ತಿತ್ತು.

"ಲೋಡ್ ಹಾಕಿದರೆ ಮುಂದೆ ಬಡಿಯುತ್ತದೆ ಅಂತ ಹೇಳಿದೆ. ಒಂದು ಪ್ಲೇಟ್ ಎಕ್ಸ್‌ಟ್ರಾ ಹಾಕುವ, ಸ್ವಲ್ಪ ಎತ್ತುವ, ಮತ್ತೆ ಎಂತ ಸಹ ಆಗುದಿಲ್ಲ ಅಂದರು" ಎಂದರು ಅವರು. ಅವರು ಹೊರುವುದು ಅಡಿಕೆ, ಸೊಪ್ಪು, ಹಟ್ಟಿಗೊಬ್ಬರ, ಒಮ್ಮೊಮ್ಮೆ ಮುರಕಲ್ಲು. ಅಷ್ಟೂ ಭಾರ ಬೀಳುವುದು ಹಿಂದಿನ ಆಕ್ಸಲ್ ಮೇಲೆ. ಗಟ್ಟಿ ಮಾಡಿದ್ದು ಮುಂದಿನದನ್ನು!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಕೆಎ 19, ಕೆಎ 21ರ ಹಳೆಯ ನಂಬರಿನ ಇಂಥ ಗಾಡಿಗಳು ಇನ್ನೂ ದಿನನಿತ್ಯ ದುಡಿಯುತ್ತಿವೆ. ತೋರಿಕೆಗಾಗಿ ಇಟ್ಟುಕೊಂಡವಲ್ಲ. ದಿಡುಪೆಯಿಂದ ಎಳನೀರಿಗೆ ಹತ್ತುವ ದಾರಿಯನ್ನೇ ನೋಡಿ. ಆ ದಾರಿ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೀಮೆಯದು. ಆ ಉದ್ಯಾನದ ಅಂಚಿನ ಊರುಗಳ ಎಷ್ಟೋ ದಾರಿಗಳಲ್ಲಿ ಇಂದಿಗೂ ಕಲ್ಲು, ಕೊರಕಲು, ತೋಡು. ರೋಗಿಯನ್ನು ಇಳಿಸುವುದಕ್ಕೂ ಅಕ್ಕಿ ಏರಿಸುವುದಕ್ಕೂ ಜೀಪು ಅಥವಾ ಫೋರ್ ವೀಲ್ ಪಿಕಪ್ಪೇ ಆಗಬೇಕು. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡೆಯ ಮಾರ್ಗವೇ ತೋಡಾಗುತ್ತದೆ. ಅಲ್ಲಿ ಈ ಗಾಡಿಯ ಮುಂದಿನ ಚಕ್ರ ಹೇಳಿದಂತೆ ಕೇಳಬೇಕು. ಹಾಗಾಗಿ ಪ್ಲೇಟು, ಶಾಕ್, ಶ್ಯಾಕಲ್, ಬುಶ್ ಬದಲಿಸುವಾಗ ಯಾವುದನ್ನು ಕೊಳ್ಳಬೇಕು ಎಂಬುದು ನನಗೆ ಹವ್ಯಾಸದ ಮಾತಾಗಿ ಕಾಣುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದಾರಿಗೆ ಮುಂದಿನ ಸಸ್ಪೆನ್ಷನ್ ಮೆದುವಾಗಿರಬೇಕು, ಚಕ್ರ ಮೇಲೆ ಕೆಳಗೆ ಧಾರಾಳವಾಗಿ ಆಡುವಂತಿರಬೇಕು. ಎತ್ತರ ಆಮೇಲಿನ ಮಾತು, ಹೆಚ್ಚಿನವರಿಗೆ ಅದು ಬೇಕಾಗಿಯೇ ಇಲ್ಲ.

ಇದಕ್ಕೆ ಕಾರಣ ಡಿಫರೆನ್ಷಿಯಲ್‌ನಲ್ಲಿದೆ. ಹಳೆಯ ಜೀಪು, ಪಿಕಪ್ಪುಗಳ ಮುಂದಿನ ಆಕ್ಸಲ್‌ನಲ್ಲಿ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಇರುವುದಿಲ್ಲ. ಬಲಚಕ್ರ ಒಂದು ಕಲ್ಲು ಹತ್ತಿದಾಗ ಎಡಚಕ್ರ ಕೆಳಗಿಳಿದು ನೆಲ ಹಿಡಿಯಬೇಕು. ಪ್ಲೇಟು ಗಟ್ಟಿಯಾಗಿದ್ದರೆ ಅದು ಇಳಿಯುವುದಿಲ್ಲ, ಗಾಳಿಯಲ್ಲಿ ನೇತಾಡುತ್ತದೆ. ಆಗ ಆಕ್ಸಲ್‌ನ ಶಕ್ತಿಯೆಲ್ಲ ಸುಲಭದ ದಾರಿ ಹಿಡಿದು ಆ ತೇಲುವ ಚಕ್ರವನ್ನೇ ತಿರುಗಿಸುತ್ತದೆ, ನೆಲದಲ್ಲಿರುವ ಚಕ್ರ ಸುಮ್ಮನಿರುತ್ತದೆ. ಫೋರ್ ವೀಲ್ ಹಾಕಿಯೂ ಗಾಡಿ ಏರದೆ ನಿಲ್ಲುವುದು ಬಹಳ ಸಲ ಹೀಗೆಯೇ. ಎಂಜಿನ್‌ಗೆ ಶಕ್ತಿ ಸಾಲದು ಎಂದು ಬೈಯುವವರು ಒಮ್ಮೆ ಕೆಳಗಿಳಿದು ಯಾವ ಚಕ್ರ ಸುಮ್ಮನೆ ತಿರುಗುತ್ತಿದೆ ಎಂದು ನೋಡಬೇಕು.

ಇನ್ನು ಪ್ಲೇಟಿನ ಲೆಕ್ಕ. ಕಮಾನು ಪಟ್ಟಿಯ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ದಪ್ಪವನ್ನು ಎರಡು ಬಾರಿ ತನ್ನಿಂದಲೇ ಗುಣಿಸಬೇಕು. ಆರರ ಘನ 216, ಎಂಟರ ಘನ 512. ಎಂಟು ಮಿ.ಮೀ.ನ ಒಂದು ಪ್ಲೇಟು ಆರು ಮಿ.ಮೀ.ನ ಎರಡಕ್ಕಿಂತಲೂ ಗಟ್ಟಿ. ನೆರೆಮನೆಯವರ ಆರು ಪ್ಲೇಟಿನ ಸೆಟ್ಟಿಗೆ ಈ ಒಂದು ಸೇರಿದ್ದೇ ತಡ, ಮುಂಭಾಗ ಅಂದಾಜು ಶೇ. 40ರಷ್ಟು ಬಿಗಿಯಾಯಿತು. ಮೊದಲು ಪ್ಲೇಟು ಬಾಗಿ ನುಂಗುತ್ತಿದ್ದ ಪೆಟ್ಟು ಈಗ ನೇರ ಹ್ಯಾಂಗರಿಗೆ, ಅಲ್ಲಿಂದ ಚಾಸಿಸ್‌ಗೆ ಹೋಗುತ್ತಿತ್ತು. ಬಿರುಕು ಬಿಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂವತ್ತು ವರ್ಷ ಮಳೆ ತಿಂದ ಚಾಸಿಸ್ ಅದು.

ಹಾಗಾದರೆ ಮುಂದೆ ಬಡಿಯುತ್ತಿದ್ದದ್ದು ಯಾಕೆ? ಹಳೆಯ ಪ್ಲೇಟುಗಳು ಸೋತು ಕಮಾನು ಇಳಿದಿತ್ತು, ಶಾಕಿನಲ್ಲಿ ಎಣ್ಣೆಯೇ ಉಳಿದಿರಲಿಲ್ಲ, ಬಂಪ್ ಸ್ಟಾಪಿನ ರಬ್ಬರ್ ಎಂದೋ ಉದುರಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಬಡಿಯುವುದಕ್ಕೆ ಮದ್ದು ಈ ಮೂರರಲ್ಲಿತ್ತು.

ಗಾಡಿ ಮುಂದೆ ಎಷ್ಟು ಹೊರುತ್ತದೆ ಎಂದು ತಿಳಿಯದೆ ಪ್ಲೇಟ್ ಸೆಟ್ ಕೊಳ್ಳಬೇಡಿ. ಅದನ್ನು ತಿಳಿಯುವುದು ಕಷ್ಟವಿಲ್ಲ. ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಎರಡು ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ಖಾಲಿಯಾಗಿ ಒಮ್ಮೆ, ಮಾಮೂಲಿ ಲೋಡಿನಲ್ಲಿ ಒಮ್ಮೆ. ಹಿಂದೆ ಎಷ್ಟು ಹೇರಿದರೂ ಮುಂದಿನ ತೂಕ ಏರುವುದು ಅಲ್ಪ. ಭಾರ ಹಿಂದಿನ ಆಕ್ಸಲ್‌ನಿಂದ ಹಿಂದಕ್ಕೆ ಚಾಚಿದ್ದರೆ ಮುಂದಿನ ತೂಕ ಇಳಿಯಲೂಬಹುದು. ಒಂದು ಉದಾಹರಣೆ ಹೇಳುತ್ತೇನೆ. ಮುಂದಿನ ಚಕ್ರಗಳ ಮೇಲೆ 800 ಕೆ.ಜಿ. ಎಂದಿಟ್ಟುಕೊಳ್ಳಿ. ಆಕ್ಸಲ್, ಚಕ್ರ, ಬ್ರೇಕುಗಳದ್ದೇ 200 ಕಳೆದರೆ ಎರಡು ಪ್ಲೇಟ್ ಸೆಟ್ಟುಗಳು ಹೊರುವುದು 600, ಒಂದೊಂದಕ್ಕೆ 300. ಆ ಭಾರಕ್ಕೆ ಕಮಾನು ಹತ್ತು ಸೆಂ.ಮೀ. ತಗ್ಗಿದರೆ ಅದರ ಬಲ ಮಿ.ಮೀ.ಗೆ ಮೂರು ಕೆ.ಜಿ. ಈಗ ಮುಂದೆ 60 ಕೆ.ಜಿ.ಯ ವಿಂಚ್ ಮತ್ತು ಅದರ ಚೌಕಟ್ಟು ಕೂರಿಸಿದಿರಿ. ಬದಿಗೆ 30 ಕೆ.ಜಿ., ಅಂದರೆ ಇಳಿಯುವುದು ಒಂದು ಸೆಂಟಿಮೀಟರ್. ಆಕ್ಸಲ್‌ಗಿಂತ ಮುಂದಕ್ಕೆ ಚಾಚಿದ ಭಾರ ತನ್ನ ತೂಕಕ್ಕಿಂತ ತುಸು ಹೆಚ್ಚೇ ಒತ್ತುವುದರಿಂದ ಒಂದೂವರೆ ಎನ್ನಿ. ಇಷ್ಟಕ್ಕೆ ಹೆವಿ ಡ್ಯೂಟಿ ಸೆಟ್ ಬೇಕೇ? ಖಂಡಿತ ಬೇಡ. ಸೋತ ಪ್ಲೇಟಿನ ಜಾಗಕ್ಕೆ ಮೂಲ ಅಳತೆಯ ಹೊಸ ಸೆಟ್ ಬಂದರೆ ಸಾಕು, ಕಳೆದುಹೋದ ಎತ್ತರವೂ ಮರಳುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಕೂತು ನೋಡಬೇಕಾದ ಸಂಗತಿಗಳಿವೆ. ಎರಡನೇ ಪ್ಲೇಟಿನ ತುದಿ ಮೇಲಿನ ಪ್ಲೇಟಿನ ಕಿವಿಯನ್ನು ಸುತ್ತಿಕೊಂಡಿದೆಯೇ ಎಂದು ನೋಡಿ. ಹಾಗಿದ್ದರೆ ಘಾಟಿಯಲ್ಲಿ ಮೇಲಿನ ಪ್ಲೇಟು ತುಂಡಾದರೂ ಆಕ್ಸಲ್ ಜಾಗ ಬಿಟ್ಟು ಓಡುವುದಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸೆಂಟರ್ ಬೋಲ್ಟಿನಿಂದ ಎರಡೂ ಕಿವಿಗಳಿಗೆ ಇರುವ ದೂರವನ್ನು ಟೇಪು ಹಿಡಿದು ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಅದು ಎರಡೂ ಕಡೆ ಸಮ ಇರುವುದಿಲ್ಲ, ತಿರುಗಿಸಿ ಕೂರಿಸಿದರೆ ಆಕ್ಸಲ್ ಹಿಂದೆ ಮುಂದೆ ಆಗುತ್ತದೆ. ನಮ್ಮ ದೇಶದಲ್ಲಿ ಪ್ಲೇಟು ಮಾಡುವ ದೊಡ್ಡ ಕಂಪೆನಿ ಯಮುನಾನಗರದ ಜಮ್ನಾ ಆಟೋ. ಅಂಥ ಹೆಸರು ಹೊತ್ತ ಮಾಲಿಗೆ ಬಿಲ್ಲು ಸಮೇತ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಳೆಯ ಪ್ಲೇಟನ್ನೇ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಕಮಾನು ಏರಿಸುವ ಕ್ರಮವೂ ನಮ್ಮಲ್ಲಿದೆ. ಕಾಯಿಸಿದ ಸ್ಪ್ರಿಂಗ್ ಉಕ್ಕನ್ನು ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಶಾಖದಲ್ಲಿ ಇಟ್ಟು ಹದ ಕೊಡದಿದ್ದರೆ ಅದು ಬರೀ ಕಬ್ಬಿಣದ ಪಟ್ಟಿ. ಎರಡು ತಿಂಗಳಲ್ಲಿ ಮತ್ತೆ ಇಳಿಯುತ್ತದೆ, ಇಲ್ಲವೇ ಕಲ್ಲಿಗೆ ತಾಗಿದಾಗ ಗಾಜಿನಂತೆ ಮುರಿಯುತ್ತದೆ. ಕಾಯಿಸದೆ ಪ್ರೆಸ್ಸಿನಲ್ಲಿ ಬಾಗಿಸುವುದು ಅದಕ್ಕಿಂತ ವಾಸಿ.

ಶ್ಯಾಕಲ್ ಬಗ್ಗೆ ನನಗೆ ಸಿಟ್ಟೇ ಇದೆ. ಅಗ್ಗದಲ್ಲಿ ಗಾಡಿ ಎತ್ತಬೇಕು ಎಂದವರಿಗೆ ಮೊದಲು ಹಾಕಿಕೊಡುವುದು ಉದ್ದದ ಶ್ಯಾಕಲ್. ಒಂದೂವರೆ ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಅದರ ಅರ್ಧ, ಮುಕ್ಕಾಲು ಇಂಚು. ಅದಕ್ಕಾಗಿ ಕಳೆದುಕೊಳ್ಳುವುದೇನು? ಹಳೆಯ ಜೀಪಿನ ವಂಶದ ಗಾಡಿಗಳಲ್ಲಿ ಮುಂದಿನ ಪ್ಲೇಟಿನ ಶ್ಯಾಕಲ್ ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದಾಗ ಪ್ಲೇಟಿನ ಮುಂತುದಿ ತಗ್ಗುತ್ತದೆ, ಆಕ್ಸಲ್ ಮುಂದಕ್ಕೆ ಹೊರಳುತ್ತದೆ, ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್ನಿನ ಹಿಂದಕ್ಕೆ ವಾಲಿದ ಓರೆ ಕಡಿಮೆಯಾಗುತ್ತದೆ. ಈ ಓರೆಗೆ ಕ್ಯಾಸ್ಟರ್ ಎನ್ನುತ್ತಾರೆ. ವಿಲ್ಲಿಸ್ ಜೀಪಿನ ಕಾಲದಿಂದ ಅದು ಮೂರು ಡಿಗ್ರಿಯ ಆಸುಪಾಸು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದಲ್ಲವೇ ಕೈ ಬಿಟ್ಟರೂ ನೇರ ಹೋಗುವುದು? ಇಲ್ಲಿಯೂ ಹಾಗೆಯೇ. ಮೂರರಲ್ಲಿ ಎರಡು ಡಿಗ್ರಿ ಹೋದರೆ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ಮರಳುವುದಿಲ್ಲ, ನೇರ ಮಾರ್ಗದಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಕಿಂಗ್ ಪಿನ್ ಬೇರಿಂಗ್ ಸಡಿಲವಿದ್ದರಂತೂ ಐವತ್ತು ಕಿ.ಮೀ. ವೇಗದಲ್ಲಿ ಒಂದು ಹೊಂಡಕ್ಕೆ ಬಿದ್ದ ಕೂಡಲೇ ಮುಂಭಾಗವಿಡೀ ಗಡಗಡ ನಡುಗಲು ತೊಡಗುತ್ತದೆ, ಗಾಡಿ ನಿಂತರೇ ಅದು ನಿಲ್ಲುವುದು. ನೆರೆಮನೆಯವರಿಗೆ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಬಸ್ಸೊಂದು ಎದುರು ಬರುತ್ತಿದ್ದಾಗ ಹಾಗಾಗಿತ್ತು. ಹೆಂಡತಿ ಮಕ್ಕಳೂ ಗಾಡಿಯಲ್ಲಿದ್ದರು.

ಎತ್ತಲೇಬೇಕಾದ ಅಗತ್ಯವಿದ್ದರೆ ಕಮಾನು ಹೆಚ್ಚಿರುವ ಸೆಟ್ ಕೊಳ್ಳಿ, ಶ್ಯಾಕಲ್ ಮೂಲದ್ದೇ ಇರಲಿ. ಆಕ್ಸಲ್ ಮತ್ತು ಪ್ಲೇಟಿನ ನಡುವೆ ಉಕ್ಕಿನ ಓರೆ ತುಂಡು ಕೊಟ್ಟು ಕ್ಯಾಸ್ಟರ್ ಸರಿ ಮಾಡಿಸಿ. ಆಗಲೂ ಸ್ಟಿಯರಿಂಗಿನ ಡ್ರ್ಯಾಗ್ ಲಿಂಕ್ ಓರೆಯಾಗಿ ಹೊಂಡ ಹಾರಿದಾಗಲೆಲ್ಲ ಸ್ಟಿಯರಿಂಗ್ ಎಳೆಯುತ್ತದೆ, ಬ್ರೇಕಿನ ಹೋಸ್ ಗಿಡ್ಡವಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ವಕ್ರವಾಗಿ ತಿರುಗುತ್ತದೆ. ಒಂದನ್ನು ಎತ್ತಿದರೆ ನಾಲ್ಕನ್ನು ಸರಿಪಡಿಸಬೇಕು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಹದಿನೈದು ವರ್ಷ ದಾಟಿದ ಗಾಡಿಯನ್ನು ಆರ್‌ಸಿ ನವೀಕರಣಕ್ಕೆ ತಪಾಸಣೆಗೆ ಒಯ್ಯಲೇಬೇಕಾದ ನಮಗೆ ಮೂಲ ಎತ್ತರವೇ ಕ್ಷೇಮ.

ಶಾಕ್ ಭಾರ ಹೊರುವುದಿಲ್ಲ. ಈ ಒಂದು ಮಾತು ಎಲ್ಲರಿಗೂ ತಿಳಿದಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು. ಹೊರುವುದು ಪ್ಲೇಟು. ಪ್ಲೇಟಿನ ಕುಣಿತವನ್ನು ತಡೆಯುವುದಷ್ಟೇ ಶಾಕಿನ ಕೆಲಸ. ಆಸ್ಟ್ರೇಲಿಯದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್‌ನಂಥ ಕಿಟ್ಟುಗಳ ಹೆಸರನ್ನು ನಮ್ಮ ಹುಡುಗರು ಬಾಯಿಪಾಠ ಹೇಳುತ್ತಾರೆ. ಒಳ್ಳೆಯ ಮಾಲು, ಅನುಮಾನವಿಲ್ಲ. ಆದರೆ ಅಲ್ಲಿನ ಒಳನಾಡಿನಲ್ಲಿ ಅಲೆ ಅಲೆಯಾದ ಮಣ್ಣಿನ ದಾರಿಯ ಮೇಲೆ ಎಂಬತ್ತು ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡಿಸುವಾಗ ಶಾಕಿನ ಎಣ್ಣೆ ಕಾದು ಸೋಲುತ್ತದೆ. ದಪ್ಪ ಕೊಳವೆ, ಗ್ಯಾಸು, ಪಕ್ಕಕ್ಕೊಂದು ಎಣ್ಣೆಯ ಡಬ್ಬಿ ಬೇಕಾಗುವುದು ಅದಕ್ಕೆ. ನಾವು ಕಲ್ಲಿನ ಮೇಲೆ ಹೋಗುವುದು ಗಂಟೆಗೆ ಎಂಟೋ ಹತ್ತೋ ಕಿ.ಮೀ. ವೇಗದಲ್ಲಿ. ನಮ್ಮ ಶಾಕ್ ಕಾಯುವುದಿಲ್ಲ, ಅದಕ್ಕೆ ಇರುವ ಭಯ ಕಲ್ಲಿನ ಪೆಟ್ಟು. ಒಂಟಿ ಕೊಳವೆಯ ಶಾಕಿಗೆ ಕಲ್ಲು ತಾಗಿ ಗುಳಿ ಬಿದ್ದರೆ ಒಳಗಿನ ಪಿಸ್ಟನ್ ಸಿಕ್ಕಿಕೊಂಡು ಅದು ಅಲ್ಲಿಗೇ ಮುಗಿಯಿತು. ಜೋಡಿ ಕೊಳವೆಯದ್ದಾದರೆ ಹೊರಕವಚಕ್ಕೆ ಗುಳಿ ಬಿದ್ದರೂ ಒಳಗಿನದು ನಡೆಯುತ್ತದೆ. 1961ರಿಂದ ನಮ್ಮಲ್ಲಿ ತಯಾರಾಗುತ್ತಿರುವ ಗೇಬ್ರಿಯಲ್‌ನಂಥ ಸಾಧಾರಣ ಜೋಡಿ ಕೊಳವೆಯ ಶಾಕೇ ನಮ್ಮ ಗುಡ್ಡೆಗೆ ಹೊಂದುತ್ತದೆ ಎಂಬುದು ನನ್ನ ತೀರ್ಮಾನ.

ಹೆಸರಿಗಿಂತ ಮುಖ್ಯ ಅಳತೆ. ಗಾಡಿ ಸಮನೆಲದಲ್ಲಿ ನಿಂತಾಗ ಶಾಕಿನ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಎಷ್ಟು ಎಂದು ಅಳೆಯಿರಿ. 40 ಸೆಂ.ಮೀ. ಬಂತು ಎನ್ನಿ. ಆಕ್ಸಲ್ ಬಂಪ್ ಸ್ಟಾಪಿಗೆ ತಾಗಲು ಇನ್ನು ಎಂಟು ಸೆಂ.ಮೀ. ಇದೆ, ಚಾಸಿಸ್‌ಗೆ ಜಾಕ್ ಕೊಟ್ಟು ಎತ್ತಿದಾಗ ಚಕ್ರ ಹತ್ತು ಸೆಂ.ಮೀ. ಇಳಿಯುತ್ತದೆ. ಆಗ ನಿಮಗೆ ಬೇಕಾದ್ದು ಮುಚ್ಚಿದಾಗ 32ಕ್ಕಿಂತ ಗಿಡ್ಡವೂ ಬಿಚ್ಚಿದಾಗ 50ಕ್ಕಿಂತ ಉದ್ದವೂ ಆಗುವ ಶಾಕ್. ಇದಕ್ಕಿಂತ ಗಿಡ್ಡ ಬಿಚ್ಚುವ ಶಾಕ್ ಹಾಕಿದರೆ ಆಕ್ಸಲ್‌ನ ಭಾರವೆಲ್ಲ ಶಾಕಿನ ಕಣ್ಣಿಗೆ ನೇತುಬೀಳುತ್ತದೆ. ನೆರೆಮನೆಯವರ ಗಾಡಿಯಲ್ಲಿ ಆಗಿದ್ದು ಇದೇ.

ಪ್ಲೇಟಿನ ಕಿವಿಯೊಳಗೆ ಕೂರುವ ಬುಶ್ ಚಿಕ್ಕ ವಸ್ತು, ಆದರೆ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಂದಲೇ. ಗಟ್ಟಿ ಪಾಲಿಯುರೆಥೇನ್ ಬುಶ್ ಬಾಳಿಕೆ ಬರುತ್ತದೆ, ಎಣ್ಣೆಗೆ ಜಗ್ಗುವುದಿಲ್ಲ. ಆದರೆ ನಮ್ಮ ಕೆಂಪು ಮಣ್ಣಿನ ಕೆಸರು ಅದರ ಸಂದಿಗೆ ಸೇರಿದರೆ ಅರದ ಹಾಗೆ ಪಿನ್ನನ್ನು ತಿನ್ನುತ್ತದೆ, ಕಿರ್ ಕಿರ್ ಸದ್ದು ಬೇರೆ. ಚಕ್ರ ಹೆಚ್ಚು ಓರೆಯಾಗಬೇಕಾದ ಗಾಡಿಗೆ ರಬ್ಬರಿನ ಸೈಲೆಂಟ್ ಬ್ಲಾಕ್ ಬುಶ್ಶೇ ಒಳ್ಳೆಯದು, ತಿರುಚಿಕೊಳ್ಳುವ ಗುಣ ಅದಕ್ಕಿದೆ. ಅದನ್ನು ಕೂರಿಸುವಾಗ ಒಂದು ಗುಟ್ಟಿದೆ. ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಬೋಲ್ಟು ಬಿಗಿಯಬಾರದು. ಕೆಳಗಿಳಿಸಿ, ಚಕ್ರದ ಮೇಲೆ ಭಾರ ಬಿಟ್ಟು, ಎರಡು ಬಾರಿ ಅಲುಗಾಡಿಸಿ ಆಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಒಂದು ಮಳೆಗಾಲದಲ್ಲಿ ಹರಿದುಹೋಗುತ್ತದೆ. ಪ್ಲೇಟಿಗೆ ವೇಸ್ಟ್ ಆಯಿಲ್ ಬಳಿಯುವ ರೂಢಿಯೂ ರಬ್ಬರಿಗೆ ವಿಷ. ಪ್ಲೇಟು ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿದರೆ ಎಣ್ಣೆಯ ಅಗತ್ಯವಿಲ್ಲ.

ಎಲ್ಲ ಹಳೆಯ ಗಾಡಿಗಳಿಗೂ ಮುಂದೆ ಪ್ಲೇಟು ಇರುವುದಿಲ್ಲ. ಟಾಟಾ ಸುಮೋ, 2010ರಿಂದ 2020ರವರೆಗಿನ ಥಾರ್ ಇವುಗಳ ಹಲವು ಮಾದರಿಗಳ ಮುಂಭಾಗ ಟಾರ್ಷನ್ ಬಾರ್, ಅಂದರೆ ತಿರುಚಿ ನಿಲ್ಲುವ ಸರಳು. ಅದರ ಬೋಲ್ಟು ಬಿಗಿದರೆ ಗಾಡಿ ಎತ್ತರವಾಗುತ್ತದೆ, ಸರಳು ಗಟ್ಟಿಯಾಗುವುದಿಲ್ಲ. ಗಟ್ಟಿಯೆನಿಸುವುದು ಚಕ್ರ ಕೆಳಗಿಳಿಯಲು ಜಾಗವೇ ಉಳಿಯದ್ದರಿಂದ. ಬಾಲ್ ಜಾಯಿಂಟ್ ಓರೆಯಾಗಿ ಸವೆಯುತ್ತದೆ, ಶಾಫ್ಟಿನ ಬೂಟು ಹರಿಯುತ್ತದೆ, ಟಯರು ಒಂದೇ ಬದಿ ಸವೆಯುತ್ತದೆ. ದಪ್ಪದ ಸರಳು ಸಿಕ್ಕಿತೆಂದು ಹಾಕುವವರು ಇದನ್ನು ನೆನಪಿಡಬೇಕು: ದಪ್ಪ ಶೇ. 10 ಹೆಚ್ಚಿದರೆ ಗಡಸು ಶೇ. 46 ಹೆಚ್ಚುತ್ತದೆ.

ಬಿ.ಸಿ. ರೋಡಿನಿಂದ ಹೆದ್ದಾರಿ 75ರಲ್ಲಿ, ಮೂಡುಬಿದಿರೆಯಿಂದ ಹೆದ್ದಾರಿ 169ರಲ್ಲಿ ದಿನವೂ ಓಡಿ ಒಂದೆರಡು ಕಿ.ಮೀ. ಮಾತ್ರ ಕೋರೆಯ ದಾರಿ ಹಿಡಿಯುವವರು ಸ್ಟಿಯರಿಂಗಿನ ಆಟವನ್ನೇ ಮೊದಲು ನೋಡಲಿ. ಮುಂದಿನ ಚಕ್ರ ಎತ್ತಿ, ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ ಮತ್ತು ಬೇರಿಂಗಿನ ಸಡಿಲ ತಿಳಿಯುತ್ತದೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಟೈ ರಾಡಿನದ್ದು. ಈ ಸಡಿಲ ತೆಗೆಯದೆ ಹೊಸ ಪ್ಲೇಟಿಗೆ ಖರ್ಚು ಮಾಡುವುದು ವ್ಯರ್ಥ.

ನೆರೆಮನೆಯವರ ಪಿಕಪ್ಪಿನಿಂದ ಏಳನೇ ಪ್ಲೇಟು ತೆಗೆಸಿದೆವು. ಹ್ಯಾಂಗರಿನ ಬಿರುಕನ್ನು ಪೂರ್ತಿ ಕೊರೆದು ವೆಲ್ಡ್ ಮಾಡಿಸಿ ಮೇಲೆ ಆಸರೆಯ ತಗಡು ಕೂರಿಸಲಾಯಿತು. ಮೂಲ ಅಳತೆಯ ಆರು ಪ್ಲೇಟಿನ ಹೊಸ ಸೆಟ್, ಮೂಲ ಶ್ಯಾಕಲ್, ರಬ್ಬರ್ ಬುಶ್, ಬಂಪ್ ಸ್ಟಾಪ್, ಜೋಡಿ ಕೊಳವೆಯ ಶಾಕ್, ಕಿಂಗ್ ಪಿನ್ ಬೇರಿಂಗ್. ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಕೂಡ ಹೊಸದೇ. ಒಮ್ಮೆ ಎಳೆದು ಹಿಗ್ಗಿದ್ದನ್ನು ಮತ್ತೆ ಬಳಸಬಾರದು. ಆ ಮಳೆಗಾಲವಿಡೀ ಅದೇ ಗಾಡಿ ಅದೇ ಗುಡ್ಡೆ ಏರಿತು, ಅದೇ ಹೆದ್ದಾರಿಯಲ್ಲಿ ಒಂದೇ ಕೈಯಲ್ಲಿ ನೇರ ಹೋಯಿತು.

ಮುಂದಿನ ಕೆಲಸ ಮಾಡಿಸುವುದಿದ್ದರೆ ಮಳೆಗಾಲ ಹಿಡಿಯುವ ಮುಂಚೆ, ಪತ್ತನಾಜೆಗೆ ಮೊದಲು ಮುಗಿಸಿ. ಮಾಡಿಸಿದ ಮೇಲೆ ನೂರು ಕಿ.ಮೀ. ಓಡಿಸಿ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಯು ಬೋಲ್ಟಿನ ನಟ್ಟುಗಳನ್ನು ಬಿಗಿಸಿಕೊಳ್ಳಿ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂರುತ್ತಾ ಅವು ಸಡಿಲವಾಗುತ್ತವೆ, ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗುತ್ತದೆ.